ಇಂಧನ ಒತ್ತಡದ ಮುಳ್ಳು

ಪುಟ್ಟ ವಿಮಾನದಲ್ಲಿ ಇಂಧನ ಒತ್ತಡ ಎಂದರೆ, ಕಾರ್ಬುರೇಟರಿನ ಬಾಗಿಲಿಗೆ ಬಂದು ನಿಂತ ಪೆಟ್ರೋಲು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚಾಗಿ ಒತ್ತುತ್ತಿದೆ ಎಂಬ ಲೆಕ್ಕ. ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ಹೇಳುವುದು ಬೇರೊಂದು ಮೀಟರಿನ ಕೆಲಸ. ಗಂಟೆಗೆ ಎಷ್ಟು ಸುಡುತ್ತಿದೆ ಎನ್ನುವುದು ಇನ್ನೊಂದರದು. ರೆಕ್ಕೆ ತಲೆಯ ಮೇಲಿರುವ ಸೆಸ್ನಾ 152ರಂಥ ವಿಮಾನಕ್ಕೆ ಒತ್ತಡದ ಮೀಟರು ಬೇಕಾಗಿಯೇ ಇಲ್ಲ. ಅಲ್ಲಿ ರೆಕ್ಕೆಯ ಟ್ಯಾಂಕಿನಿಂದ ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಒಂದು ಮೀಟರ್ ಎತ್ತರದ ಪೆಟ್ರೋಲಿನ ಕಂಬ ಹೆಚ್ಚುಕಡಿಮೆ ಒಂದು ಪಿಎಸ್‌ಐ, ಅಂದರೆ ಚದರ ಇಂಚಿಗೆ ಒಂದು ಪೌಂಡ್, ಒತ್ತಡ ಕೊಡುತ್ತದೆ, ಆ ಎಂಜಿನ್ನಿಗೆ ಅಷ್ಟು ಸಾಕು. ರೆಕ್ಕೆ ಕೆಳಗಿದ್ದರೆ ಈ ಸುಖವಿಲ್ಲ. ಪೆಟ್ರೋಲನ್ನು ಎತ್ತಿ ತರಲು ಪಂಪ್ ಬೇಕು, ಪಂಪ್ ಇದ್ದ ಮೇಲೆ ಅದು ಕೆಲಸ ಮಾಡುತ್ತಿದೆಯೇ ಎಂದು ಹೇಳುವ ಸಾಕ್ಷಿಯೂ ಬೇಕು. ಪಂಪಿನಿಂದ ಇಂಧನ ಪಡೆಯುವ ಎಂಜಿನ್ನಿಗೆ ಒತ್ತಡದ ಮೀಟರ್ ಇರಲೇಬೇಕೆಂದು ವಿಮಾನ ಪ್ರಮಾಣೀಕರಣದ ನಿಯಮಗಳು ಹೇಳುವುದು ಈ ಕಾರಣಕ್ಕೆ.

ಕರ್ನಾಟಕದಲ್ಲೇ ಹುಟ್ಟಿದ ಹಂಸ ಈ ಎರಡನೆಯ ಜಾತಿಯದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರೂಪಿಸಿದ ಈ ಎರಡು ಸೀಟಿನ ತರಬೇತಿ ವಿಮಾನದ ಮೈ ಗಾಜಿನ ನಾರು ಮತ್ತು ರಾಳದಿಂದ ಆದದ್ದು, ರೆಕ್ಕೆ ತಗ್ಗಿನಲ್ಲಿದೆ. ಹಂಸ-3ಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಡಿಜಿಸಿಎಯ, ಪ್ರಮಾಣಪತ್ರ ಸಿಕ್ಕಿದ್ದು 2000ರಲ್ಲಿ. ಅದರ ಮೂತಿಯಲ್ಲಿರುವುದು ಆಸ್ಟ್ರಿಯಾದ ರೋಟ್ಯಾಕ್ಸ್ 914, ಟರ್ಬೊ ಕಟ್ಟಿದ 115 ಅಶ್ವಶಕ್ತಿಯ ಎಂಜಿನ್. 2021ರ ಸೆಪ್ಟೆಂಬರ್ 3ರಂದು ಮೊದಲು ಹಾರಿದ ಹಂಸ-ಎನ್‌ಜಿಗೆ ಅದೇ ಮನೆತನದ 912 ಐಎಸ್ ಎಂಬ ಇಂಜೆಕ್ಷನ್ ಎಂಜಿನ್ ಬಂತು. ಒತ್ತಡದ ಮುಳ್ಳು ಹೇಗೆಲ್ಲ ತಪ್ಪು ಹೇಳಬಲ್ಲದು ಎಂಬುದನ್ನು ತಿಳಿಯಲು ಈ ರೋಟ್ಯಾಕ್ಸ್ ಮನೆತನದಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಕಾರಣ, ಅದರ ಕಾರ್ಬುರೇಟರ್ ಎಂಜಿನ್ನುಗಳು ಬದುಕುವುದು ತೀರ ಸಣ್ಣ ಒತ್ತಡದಲ್ಲಿ.

ಸಣ್ಣದು ಎಂದರೆ ಎಷ್ಟು? ಟರ್ಬೊ ಇಲ್ಲದ ರೋಟ್ಯಾಕ್ಸ್ 912ರ ಕಾರ್ಬುರೇಟರಿಗೆ ಕನಿಷ್ಠ 0.15 ಬಾರ್ ಸಾಕು, ಅಂದರೆ 2.2 ಪಿಎಸ್‌ಐ. ಹಳೆಯ ಪಂಪಿಗೆ ಗರಿಷ್ಠ 0.4 ಬಾರ್, 5.8 ಪಿಎಸ್‌ಐ. ಹೊಸ ಪಂಪಿಗೆ ಸ್ವಲ್ಪ ಹೆಚ್ಚು. ಸರಿ-ತಪ್ಪುಗಳ ನಡುವೆ ಇರುವ ಜಾಗವೆಲ್ಲ ಮೂರೂವರೆ ಪಿಎಸ್‌ಐ ಅಷ್ಟೇ. ಇಂಜೆಕ್ಷನ್ ಇರುವ 912 ಐಎಸ್ ಎಂಜಿನ್ನು ಸುಮಾರು 3 ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಅರ್ಧ ಪಿಎಸ್‌ಐ ಏರುಪೇರು ಲೆಕ್ಕಕ್ಕೆ ಬಾರದು. ಕಾರ್ಬುರೇಟರಿನ 912ರಲ್ಲಿ ಅದೇ ಅರ್ಧ ಪಿಎಸ್‌ಐ ಮುಳ್ಳನ್ನು ಹಸಿರಿನಿಂದ ಕೆಂಪಿಗೆ ದಾಟಿಸಬಲ್ಲದು. ಹೀಗಾಗಿ ಒಂದು ಎಂಜಿನ್ನಿನಲ್ಲಿ ಯಾರ ಕಣ್ಣಿಗೂ ಬೀಳದ ತಂತಿಯ ದೋಷ, ಇನ್ನೊಂದರಲ್ಲಿ ಪೈಲಟ್‌ನ ಎದೆ ನಡುಗಿಸುತ್ತದೆ.

914ರ ವಿಷಯ ಇನ್ನೂ ಸೂಕ್ಷ್ಮ. ಟರ್ಬೊ ಗಾಳಿಯನ್ನು ಅದುಮಿ ಏರ್‌ಬಾಕ್ಸಿಗೆ ತುಂಬುತ್ತದೆ, ಕಾರ್ಬುರೇಟರು ಆ ಅದುಮಿದ ಗಾಳಿಯಲ್ಲೇ ಉಸಿರಾಡುತ್ತದೆ. ಆದ್ದರಿಂದ ಪೆಟ್ರೋಲಿನ ಒತ್ತಡ ಹೊರಗಿನ ಗಾಳಿಗಿಂತ ಹೆಚ್ಚಿದ್ದರೆ ಸಾಲದು, ಏರ್‌ಬಾಕ್ಸಿನ ಗಾಳಿಗಿಂತ ಸುಮಾರು 0.25 ಬಾರ್, ಅಂದರೆ 3.6 ಪಿಎಸ್‌ಐ ಹೆಚ್ಚಿರಬೇಕು. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ. ಅಲ್ಲಿ ಹೊರಗಾಳಿಯ ಒತ್ತಡ ಸುಮಾರು 13.5 ಪಿಎಸ್‌ಐ. ನೆಲ ಬಿಡುವಾಗ ಪೂರ್ತಿ ಥ್ರಾಟಲ್ ಕೊಟ್ಟರೆ ಏರ್‌ಬಾಕ್ಸಿನಲ್ಲಿ ಸುಮಾರು 39 ಇಂಚು ಪಾದರಸ, ಎಂದರೆ 19 ಪಿಎಸ್‌ಐಗೂ ತುಸು ಮೇಲೆ. ವ್ಯತ್ಯಾಸ ಐದೂವರೆಗೂ ತುಸು ಮೇಲೆ. ಅದರ ಮೇಲೆ 3.6 ಸೇರಿದರೆ ಹೊರಗಾಳಿಗೆ ಹೋಲಿಸಿದ ಇಂಧನ ಒತ್ತಡ ಒಂಬತ್ತು ದಾಟಬೇಕು. ನಿಧಾನಗತಿಯಲ್ಲಿ ಎಂಜಿನ್ ಗುಡುಗುಡು ಅನ್ನುತ್ತಿರುವಾಗ ಅದೇ ಮೀಟರಿನಲ್ಲಿ ನಾಲ್ಕು ಪಿಎಸ್‌ಐ ಕಂಡರೆ ಎಲ್ಲವೂ ಸರಿ. ಟೇಕಾಫ್ ಹೊತ್ತಿಗೆ ನಾಲ್ಕೇ ಇದ್ದರೆ ಪೆಟ್ರೋಲಿಗಿಂತ ಗಾಳಿಯೇ ಬಲವಾಗಿದೆ, ಕಾರ್ಬುರೇಟರಿನೊಳಗೆ ಇಂಧನ ಇಳಿಯುವುದೇ ಇಲ್ಲ. ಮುಳ್ಳು ತೋರಿಸುವ ಅಂಕಿ ಒಂದೇ. ಅದನ್ನು ಯಾವುದಕ್ಕೆ ಹೋಲಿಸಲಾಗಿದೆ ಎಂದು ಗೊತ್ತಿಲ್ಲದವರಿಗೆ ಆ ಅಂಕಿಯಿಂದ ಏನೂ ಗೊತ್ತಾಗದು. 914ರಲ್ಲಿ ಮೀಟರ್ ಸುಳ್ಳು ಹೇಳುತ್ತಿದೆ ಎಂಬ ದೂರು ಬಂದಾಗ ಮೊದಲು ಕೇಳಬೇಕಾದದ್ದು, ಈ ಸೆನ್ಸರಿನ ಇನ್ನೊಂದು ಕಿವಿ ಎಲ್ಲಿಗೆ ಜೋಡಣೆಯಾಗಿದೆ, ಏರ್‌ಬಾಕ್ಸಿಗೋ ಬಯಲಿಗೋ ಎಂಬುದನ್ನು.

ಸೆನ್ಸರಿನ ಒಳಗೆ ಒಂದು ತೆಳು ಪೊರೆಯಿದೆ. ಅದರ ಒಂದು ಬದಿಗೆ ಪೆಟ್ರೋಲು, ಇನ್ನೊಂದು ಬದಿಗೆ ಹೋಲಿಕೆಯ ಗಾಳಿ. ಪೊರೆ ಎಷ್ಟು ಬಾಗಿತು ಎನ್ನುವುದೇ ಅಳತೆ. ಹಿಂದಿನ ಕಾಲದ ಮೀಟರಿನಲ್ಲಿ ಪೆಟ್ರೋಲಿನ ಸಣ್ಣ ಕೊಳವೆ ನೇರ ಕಾಕ್‌ಪಿಟ್ಟಿಗೇ ಬರುತ್ತಿತ್ತು, ಬಾಗಿದ ಹಿತ್ತಾಳೆ ನಳಿಗೆಯೊಂದು ಒತ್ತಡಕ್ಕೆ ನೆಟ್ಟಗಾಗಿ ಮುಳ್ಳು ತಿರುಗಿಸುತ್ತಿತ್ತು. ಪೈಲಟ್‌ನ ಮೊಣಕಾಲ ಬಳಿ ಪೆಟ್ರೋಲು ತರುವುದು ಅಪಾಯವೆಂದು ಈಗ ಸೆನ್ಸರನ್ನು ಎಂಜಿನ್ ಕೋಣೆಯಲ್ಲೇ ಬಿಟ್ಟು ತಂತಿಯನ್ನಷ್ಟೇ ಒಳಗೆ ತರುತ್ತಾರೆ. ಹೆಚ್ಚಿನವು ಎರಡು ಬಗೆ. ಒಂದರಲ್ಲಿ ಒತ್ತಡ ಏರಿದಂತೆ ರೋಧ 10 ಓಮ್‌ನಿಂದ 180 ಓಮ್‌ವರೆಗೆ ಏರುತ್ತದೆ. ಇನ್ನೊಂದಕ್ಕೆ 5 ವೋಲ್ಟ್ ಕೊಟ್ಟರೆ, ಒತ್ತಡ ಇಲ್ಲದಾಗ ಅರ್ಧ ವೋಲ್ಟ್, ಪೂರ್ತಿ ಒತ್ತಡದಲ್ಲಿ ನಾಲ್ಕೂವರೆ ವೋಲ್ಟ್ ವಾಪಸು ಕೊಡುತ್ತದೆ.

ಹೋಲಿಕೆಯ ಗಾಳಿ ಒಳಬರುವ ರಂಧ್ರ ಸೂಜಿಮೊನೆಯಷ್ಟು ಚಿಕ್ಕದು. ಕೆಲವು ಸೆನ್ಸರುಗಳಲ್ಲಿ ಅದು ಕನೆಕ್ಟರಿನ ಒಳಗೇ ಅಡಗಿರುತ್ತದೆ. ನೀರು ಹೋಗದಿರಲೆಂದು ಯಾರೋ ಕನೆಕ್ಟರಿಗೆ ಸಿಲಿಕೋನ್ ಮೆತ್ತಿದರೆ ರಂಧ್ರ ಮುಚ್ಚಿಹೋಗುತ್ತದೆ. ಆಗ ಏನಾಗುತ್ತದೆ ಎಂಬುದಕ್ಕೆ ಒಂದು ಹೋಲಿಕೆ: ಮೈಸೂರಿನ ಪಶ್ಚಿಮಕ್ಕಿರುವ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬ್ಯಾರನ್‌ಗಳಲ್ಲಿ ಸೊಪ್ಪು ಹದವಾಗುವಾಗ ಜೋಡಿ ಥರ್ಮಾಮೀಟರ್ ನೇತುಹಾಕುವುದುಂಟು. ಒಂದರ ಬುಡ ಒಣದು, ಇನ್ನೊಂದರ ಬುಡಕ್ಕೆ ನೀರಿನಲ್ಲಿ ಅದ್ದಿದ ಬತ್ತಿ. ಎರಡರ ನಡುವಿನ ವ್ಯತ್ಯಾಸದಿಂದ ಬ್ಯಾರನ್ನಿನ ತೇವ ತಿಳಿಯುತ್ತದೆ. ಬತ್ತಿಯ ನೀರು ಆರಿದರೆ ಎರಡೂ ಒಂದೇ ಅಂಕಿ ತೋರಿಸತೊಡಗುತ್ತವೆ. ಗಾಜು ಒಡೆದಿರುವುದಿಲ್ಲ, ಥರ್ಮಾಮೀಟರ್ ಕೆಟ್ಟಿರುವುದಿಲ್ಲ, ಹೋಲಿಸಲು ಇದ್ದ ಎರಡನೆಯ ನೆಲೆ ಇಲ್ಲವಾಗಿರುತ್ತದೆ. ರಂಧ್ರ ಮುಚ್ಚಿದ ಸೆನ್ಸರಿನ ಕಥೆಯೂ ಅದೇ.

ಅದರ ಫಲವನ್ನು ಲೆಕ್ಕಹಾಕಬಹುದು. ಮಂಡಕಳ್ಳಿಯಲ್ಲಿ ರಂಧ್ರ ಮುಚ್ಚಿಕೊಂಡಿತು ಎಂದಿಟ್ಟುಕೊಳ್ಳೋಣ. ಪೊರೆಯ ಹಿಂದೆ 13.5 ಪಿಎಸ್‌ಐ ಗಾಳಿ ಸೆರೆಯಾಯಿತು. ವಿಮಾನ ಸಮುದ್ರಮಟ್ಟದಿಂದ 7,000 ಅಡಿಗೆ ಏರಿದಾಗ ಹೊರಗಾಳಿ ಸುಮಾರು 11.3ಕ್ಕೆ ಇಳಿದಿರುತ್ತದೆ. ಪೆಟ್ರೋಲು ಹೊರಗಾಳಿಗಿಂತ ನಾಲ್ಕು ಪಿಎಸ್‌ಐ ಹೆಚ್ಚು ಒತ್ತುತ್ತಲೇ ಇದ್ದರೂ, ಸೆರೆಯಾದ ಹಳೆಯ ಗಾಳಿಗೆ ಹೋಲಿಸಿ ನೋಡುವ ಸೆನ್ಸರು ಎರಡಕ್ಕಿಂತ ಕೆಳಗಿನ ಅಂಕಿ ತೋರಿಸುತ್ತದೆ. 912ರ ಕನಿಷ್ಠ 2.2. ಎಂಜಿನ್ ಸೊಗಸಾಗಿ ಓಡುತ್ತಿದೆ, ಮುಳ್ಳು ಮಾತ್ರ ಕೆಂಪಿನಲ್ಲಿದೆ. ಇಳಿದು ಬಂದರೆ ಮೀಟರು ಮತ್ತೆ ಸರಿ. ನೆಲದ ಮೇಲೆ ಎಷ್ಟು ತಡಕಾಡಿದರೂ ದೋಷ ಸಿಗದು, ಏಕೆಂದರೆ ದೋಷ ಕಾಣಬೇಕಾದರೆ ಎತ್ತರ ಬೇಕು.

ಆದರೆ ಇದೇ ಲಕ್ಷಣ ನಿಜವಾದ ಕಾಯಿಲೆಯದೂ ಆಗಿರಬಹುದು. ಎತ್ತರಕ್ಕೆ ಹೋದಷ್ಟೂ, ಬಿಸಿ ಹೆಚ್ಚಿದಷ್ಟೂ ಪೆಟ್ರೋಲು ಬೇಗ ಆವಿಯಾಗುತ್ತದೆ. ಪಂಪ್ ಎಳೆಯುವ ಬದಿಯ ಕೊಳವೆಯಲ್ಲಿ ಆವಿಯ ಗುಳ್ಳೆಗಳೆದ್ದರೆ ಪಂಪ್ ಬರೀ ಆವಿಯನ್ನೇ ನುಂಗುತ್ತ ಕೂರುತ್ತದೆ, ಒತ್ತಡ ನಿಜಕ್ಕೂ ಬೀಳುತ್ತದೆ. ಸೀಟಿನಲ್ಲಿ ಕುಳಿತವರಿಗೆ ಈ ಎರಡನ್ನು ಬೇರ್ಪಡಿಸುವ ದಾರಿಯಿಲ್ಲ. ಆ ಹೊತ್ತಿಗೆ ಮುಳ್ಳನ್ನು ನಂಬುವುದೇ ಸರಿಯಾದ ನಡೆ.

ಮಂಡಕಳ್ಳಿಯಿಂದ ಏರಿ ಪಶ್ಚಿಮಕ್ಕೆ ತಿರುಗಿದ ವಿಮಾನದ ಕೆಳಗೆ ಏನಿದೆ ಎಂದು ನೋಡಿದರೆ ಈ ಮಾತಿನ ತೂಕ ಗೊತ್ತಾಗುತ್ತದೆ. ಹುಣಸೂರು ನಿಲ್ದಾಣದಿಂದ ನೇರ ಗೆರೆಯಲ್ಲಿ ಸುಮಾರು 40 ಕಿಲೋಮೀಟರ್, ಪಿರಿಯಾಪಟ್ಟಣ ಸುಮಾರು 60. ನೆಲದಿಂದ 3,000 ಅಡಿ ಮೇಲೆ ಎಂಜಿನ್ ನಿಂತ ಸಣ್ಣ ವಿಮಾನ ಗಾಳಿಯಲ್ಲಿ ಜಾರುತ್ತ ಹೋಗಬಲ್ಲದ್ದು ಎಂಟು ಕಿಲೋಮೀಟರಿನ ಆಸುಪಾಸು. ಹುಣಸೂರಿನ ಮೇಲಿಂದ ಮಂಡಕಳ್ಳಿಗೆ ಜಾರಿ ಬರುವ ಮಾತೇ ಇಲ್ಲ. ಇಳಿಯುವುದಾದರೆ ಕೆಳಗಿನ ಹೊಲದಲ್ಲೇ ಇಳಿಯಬೇಕು. ಹುಣಸೂರು, ಪಿರಿಯಾಪಟ್ಟಣದ ಕೆಂಪು ಮರಳುಮಿಶ್ರಿತ ತಂಬಾಕಿನ ಹೊಲಗಳು ಮೇಲಿನಿಂದ ಅಗಲವಾಗಿ, ಇಳಿಯಲು ಅನುಕೂಲವಾಗಿ ಕಾಣುತ್ತವೆ. ಹತ್ತಿರ ಹೋದಾಗಲೇ ಬ್ಯಾರನ್‌ಗಳು, ವಿದ್ಯುತ್ ತಂತಿಗಳು, ನೀಲಗಿರಿ ಸಾಲುಗಳು ಎದುರಾಗುವುದು. ಕೆ.ಆರ್. ನಗರದ ಕಡೆ ಕಾವೇರಿಯ ನಾಲೆ ನೀರಿನ ಗದ್ದೆಗಳು. ನಾಟಿ ಮಾಡಿದ ಗದ್ದೆಯ ಕೆಸರಿಗೆ ಮುಂದಿನ ಚಕ್ರ ಕಚ್ಚಿಕೊಂಡರೆ ವಿಮಾನ ಮಗುಚಿ ಬೀಳುತ್ತದೆ. ಎಚ್.ಡಿ. ಕೋಟೆಯ ನೈಋತ್ಯಕ್ಕೆ ಕಬಿನಿಯ ಹಿನ್ನೀರು, ಅದರಾಚೆ ನಾಗರಹೊಳೆ, ಬಂಡೀಪುರದ ಕಾಡು. ಅಲ್ಲಿ ಇಳಿಯುವ ಯೋಚನೆಯನ್ನೂ ಮಾಡುವಂತಿಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಬಳಿ ಹೊಲಕ್ಕೆ ಇಳಿಯಬೇಕಾಯಿತು, ಒಳಗಿದ್ದ ಇಬ್ಬರೂ ಜೀವ ಉಳಿಸಿಕೊಂಡರು. ಹೊಲದಲ್ಲಿ ಇಳಿಯುವುದು ಕಲಿಕೆಯ ಪುಸ್ತಕದೊಳಗೇ ಉಳಿಯುವ ಮಾತಲ್ಲ.

ಆದ್ದರಿಂದ ಮುಳ್ಳು ಇಳಿದಾಗ ಪೈಲಟ್ ಮಾಡಬೇಕಾದ್ದು ಸ್ಪಷ್ಟ: ವಿದ್ಯುತ್ ಸಹಾಯಕ ಪಂಪ್ ಹಾಕುವುದು, ಬೇರೆ ಟ್ಯಾಂಕಿದ್ದರೆ ಅದಕ್ಕೆ ತಿರುಗಿಸುವುದು, ಎತ್ತರ ಕಳೆದುಕೊಳ್ಳದೆ ನಿಲ್ದಾಣದ ಕಡೆ ಮುಖ ಮಾಡುವುದು, ಎಂಜಿನ್ನಿನ ಸದ್ದು, ಆರ್‌ಪಿಎಂ, ಇಂಧನ ಹರಿವಿನ ಮೀಟರ್ ಇವುಗಳನ್ನು ಜೊತೆಗಿಟ್ಟು ನೋಡುವುದು. ಸೆನ್ಸರು ಕೆಟ್ಟಿರಬೇಕು ಎಂಬ ತೀರ್ಮಾನವನ್ನು ಆಕಾಶದಲ್ಲಿ ಮಾಡಬಾರದು. ಅದು ಹ್ಯಾಂಗರಿನ ನೆರಳಿನಲ್ಲಿ, ಎಂಜಿನ್ ತಣ್ಣಗಾದ ಮೇಲೆ ಮಾಡುವ ತೀರ್ಮಾನ.

ಹ್ಯಾಂಗರಿನಲ್ಲೂ ಅನುಮಾನ ಮೊದಲು ಇಂಧನದ ಮೇಲೆ ಬೀಳಬೇಕು, ಕೊನೆಗೆ ಸೆನ್ಸರಿನ ಮೇಲೆ. ಇದನ್ನು ತಿರುಗುಮುರುಗು ಮಾಡುವ ಆಸೆ ಬಲವಾಗಿರುತ್ತದೆ, ಏಕೆಂದರೆ ಸೆನ್ಸರು ಬದಲಾಯಿಸುವುದು ಸುಲಭ, ಪಂಪ್ ಬಿಚ್ಚುವುದು ಕಷ್ಟ. ಆದರೂ ಕ್ರಮ ತಪ್ಪಬಾರದು. ಫಿಲ್ಟರಿನಲ್ಲಿ ಕಸ, ಸೋತ ಪಂಪ್, ಎಳೆಯುವ ಬದಿಯ ಹೋಸಿನಲ್ಲಿ ಕೂದಲೆಳೆಯ ಬಿರುಕು, ಇವೆಲ್ಲ ಒತ್ತಡವನ್ನು ನಿಜಕ್ಕೂ ಇಳಿಸುತ್ತವೆ. ಎಳೆಯುವ ಬದಿಯ ಬಿರುಕಿನಿಂದ ಪೆಟ್ರೋಲು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೇರುತ್ತದೆ. ಆದ್ದರಿಂದ ಒದ್ದೆ ಕಲೆ ಹುಡುಕುವವರ ಕಣ್ಣಿಗೆ ಅದು ಬೀಳದು. ಟ್ಯಾಂಕಿಗೆ ಗಾಳಿ ಹೋಗುವ ಕೊಳವೆಯನ್ನು ನೋಡಲು ಮರೆಯುವವರು ಬಹಳ. ನಾಲ್ಕು ದಿನ ಹಾರದೆ ನಿಂತ ವಿಮಾನದ ಆ ಕೊಳವೆಯೊಳಗೆ ಕಡಜ ಮಣ್ಣಿನ ಗೂಡು ಕಟ್ಟಿದರೆ, ಪೆಟ್ರೋಲು ಖಾಲಿಯಾದಂತೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆಯುತ್ತದೆ, ಪಂಪ್ ಅದರ ವಿರುದ್ಧ ಎಳೆದು ಎಳೆದು ಸೋಲುತ್ತದೆ.

ನಿಜವೋ ಸುಳ್ಳೋ ಎಂದು ತೀರ್ಮಾನಿಸಲು ಬೇಕಾದ್ದು ಎರಡನೆಯ ಸಾಕ್ಷಿ. ಸೆನ್ಸರಿಗೆ ಹೋಗುವ ಕೊಳವೆಗೆ ಟೀ ಜಾಯಿಂಟ್ ಹಾಕಿ, ತಪಾಸಣೆಯಾದ ಯಾಂತ್ರಿಕ ಗೇಜೊಂದನ್ನು ಅದೇ ಜಾಗಕ್ಕೆ ಕೂರಿಸಿ, ಎಂಜಿನ್ ಓಡಿಸಿ ಎರಡನ್ನೂ ಒಟ್ಟಿಗೆ ಓದಬೇಕು. ಎರಡೂ ಕಡಿಮೆ ತೋರಿಸಿದರೆ ಕಾಯಿಲೆ ಇಂಧನದ್ದು. ಸೆನ್ಸರನ್ನು ಮುಟ್ಟುವುದೇ ಬೇಡ. ಗೇಜು ಸರಿಯಿದ್ದು ಕಾಕ್‌ಪಿಟ್ಟಿನ ಅಂಕಿ ಮಾತ್ರ ಬೇರೆಯಿದ್ದರೆ ಆಗ ವಿದ್ಯುತ್ತಿನ ದಾರಿ ಹಿಡಿಯಬೇಕು. ಇಷ್ಟು ಸರಳವಾದ ಪರೀಕ್ಷೆಯನ್ನು ಬಿಟ್ಟು ಒಂದರ ಹಿಂದೊಂದು ಹೊಸ ಸೆನ್ಸರು ಹಾಕಿ ಹಣ ಕಳೆಯುವುದು ದುಃಖದ ಸಂಗತಿ. ಅದಕ್ಕಿಂತ ದೊಡ್ಡ ದುಃಖ, ಆ ನಡುವೆ ನಿಜವಾದ ಕಾಯಿಲೆ ಬೆಳೆಯುತ್ತಲೇ ಇರುವುದು.

ಎಂಜಿನ್ ನಿಂತಿರುವಾಗ ಸೊನ್ನೆ ತೋರಿಸುತ್ತದೆಯೇ ಎಂದು ನೋಡುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ, ಆದರೆ ಅದರಲ್ಲೊಂದು ಮೋಸವಿದೆ. ಪಂಪಿನ ಒಳಗಿನ ಕವಾಟಗಳು ಪೆಟ್ರೋಲನ್ನು ಕೊಳವೆಯಲ್ಲೇ ಹಿಡಿದಿಡುತ್ತವೆ. ಬಿಸಿಲಿನಲ್ಲಿ ನಿಲ್ಲಿಸಿದ ವಿಮಾನದ ಎಂಜಿನ್ ಕೋಣೆ, ಗಾಳಿಯ ಓಟ ನಿಂತ ಮೇಲೆ, ಸ್ವಲ್ಪ ಹೊತ್ತು ಇನ್ನಷ್ಟು ಕಾಯುತ್ತದೆ. ಸೆರೆಯಾದ ಪೆಟ್ರೋಲು ಹಿಗ್ಗುತ್ತದೆ. ಎಂಜಿನ್ ನಿಂತಿದ್ದರೂ ಮುಳ್ಳು ಮೇಲೇರುತ್ತದೆ. ಅದು ನಿಜವಾದ ಒತ್ತಡ, ಸೆನ್ಸರಿನ ತಪ್ಪಲ್ಲ. ಜಾಯಿಂಟ್ ಸಡಿಲಿಸಿ ಒತ್ತಡ ಬಿಟ್ಟ ಮೇಲಷ್ಟೇ ಸೊನ್ನೆಯನ್ನು ಕೇಳಬೇಕು. ಆಗಲೂ ಕಾಕ್‌ಪಿಟ್ಟಿನ ಅಂಕಿಯನ್ನಷ್ಟೇ ನೋಡದೆ ಮಲ್ಟಿಮೀಟರಿನಲ್ಲಿ ವೋಲ್ಟೇಜು ನೋಡುವುದು ಒಳ್ಳೆಯದು. ಸಮುದ್ರಮಟ್ಟದ ಗಾಳಿಯನ್ನು ಒಳಗೆ ಮುಚ್ಚಿ ತಯಾರಿಸಿದ ಸೆನ್ಸರನ್ನು ಯಾರಾದರೂ ತಪ್ಪಿ ಹಾಕಿದ್ದರೆ, ಮಂಡಕಳ್ಳಿಯ ಎತ್ತರದಲ್ಲಿ ಅದು ಸೊನ್ನೆಗಿಂತ 1.2 ಪಿಎಸ್‌ಐ ಕೆಳಗಿರುತ್ತದೆ. 15 ಪಿಎಸ್‌ಐವರೆಗಿನ ಸೆನ್ಸರಾದರೆ, ಅರ್ಧ ವೋಲ್ಟ್ ಬರಬೇಕಾದಲ್ಲಿ 0.2ಕ್ಕೂ ಕಡಿಮೆ ಬರುತ್ತದೆ. ಸೊನ್ನೆಗಿಂತ ಕೆಳಗೆ ತೋರಿಸಲು ಬಾರದ ಪರದೆ ಅದನ್ನು ಸೊನ್ನೆ ಎಂದೇ ಬರೆದು ಸುಮ್ಮನಾಗುತ್ತದೆ.

ವೋಲ್ಟೇಜಿನ ಲೆಕ್ಕ ಕಷ್ಟವಿಲ್ಲ. 15 ಪಿಎಸ್‌ಐವರೆಗೆ ಅಳೆಯುವ ಸೆನ್ಸರಿನಲ್ಲಿ ನಾಲ್ಕು ವೋಲ್ಟ್ ಹದಿನೈದು ಪಾಲಾಗುತ್ತದೆ, ಪ್ರತಿ ಪಿಎಸ್‌ಐಗೆ 0.27 ವೋಲ್ಟ್. 912ರ ಕನಿಷ್ಠ 2.2ಕ್ಕೆ 1.09 ವೋಲ್ಟ್, ಗರಿಷ್ಠ 5.8ಕ್ಕೆ 2.05. ಸೆನ್ಸರಿನ ಕಾಲುಗಳಲ್ಲಿ ಈ ಅಂಕಿ ಸರಿಯಿದ್ದು ಮೀಟರಿನ ಹಿಂದೆ ಬೇರೆಯಿದ್ದರೆ ತಪ್ಪು ತಂತಿಯದು. ಎರಡೂ ಕಡೆ ಸರಿಯಿದ್ದು ಪರದೆಯ ಮೇಲೆ ತಪ್ಪಿದ್ದರೆ, ಪರದೆಗೆ ಯಾವ ಸೆನ್ಸರು ಎಂದು ಹೇಳಿಕೊಟ್ಟದ್ದೇ ತಪ್ಪು. 30ರ ಸೆನ್ಸರನ್ನು 15ರದೆಂದು ನಮೂದಿಸಿದರೆ ಒತ್ತಡ ಅರ್ಧಕ್ಕರ್ಧ ಕಾಣುತ್ತದೆ. ಇಲ್ಲಿ ಇನ್ನೊಂದು ಮಾತು. ಯಾವುದಕ್ಕೂ ಇರಲಿ ಎಂದು ದೊಡ್ಡ ಅಳತೆಯ ಸೆನ್ಸರು ಹಾಕುವುದು ಜಾಣತನವಲ್ಲ. ಅಳತೆ ದೊಡ್ಡದಾದಷ್ಟೂ ಪ್ರತಿ ಪಿಎಸ್‌ಐಗೆ ಸಿಗುವ ವೋಲ್ಟೇಜು ಕಡಿಮೆ, ತಂತಿಯ ಸಣ್ಣ ತಪ್ಪೂ ಅಷ್ಟೇ ದೊಡ್ಡದಾಗುತ್ತದೆ.

ತಂತಿಯ ತಪ್ಪುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಅರ್ಥಿಂಗ್. ಅಲ್ಯೂಮಿನಿಯಂ ವಿಮಾನದ ಮೈಯೇ ವಿದ್ಯುತ್ತು ಮರಳುವ ದಾರಿ. ಹಂಸದಂಥ ನಾರಿನ ಮೈಯ ವಿಮಾನದಲ್ಲಿ ಆ ದಾರಿಯೇ ಇಲ್ಲ, ಪ್ರತಿಯೊಂದು ಉಪಕರಣಕ್ಕೂ ಮರಳುವ ತಂತಿ ಪ್ರತ್ಯೇಕವಾಗಿ ಎಳೆಯಬೇಕು. ಎಳೆಯುವಾಗ ಉಳಿತಾಯಕ್ಕೆಂದು ಇಂಧನ ಪಂಪಿಗೂ ಸೆನ್ಸರಿಗೂ ಒಂದೇ ಮರಳುವ ತಂತಿ ಕೊಟ್ಟರೆ ತೊಂದರೆ ಶುರು. ಪಂಪ್ 5 ಆಂಪಿಯರ್ ಎಳೆಯುತ್ತದೆ, ತಂತಿ ಮತ್ತು ಜೋಡಣೆಯ ರೋಧ 0.02 ಓಮ್ ಎಂದುಕೊಂಡರೆ, ಸೆನ್ಸರಿನ ಅರ್ಥ್ 0.1 ವೋಲ್ಟ್ ಮೇಲೇಳುತ್ತದೆ. ಪರದೆಯಲ್ಲಿ ಒತ್ತಡ ಸುಮಾರು 0.4 ಪಿಎಸ್‌ಐ ಹೆಚ್ಚು ಕಾಣುತ್ತದೆ. ಪಂಪ್ ಹಾಕಿದೊಡನೆ ಮುಳ್ಳು ತುಸು ಏರಿತು, ಪಂಪ್ ಕೆಲಸ ಮಾಡುತ್ತಿದೆ ಎಂದು ಪೈಲಟ್ ನೆಮ್ಮದಿ ಪಡುತ್ತಾನೆ. ಏರಿದ್ದು ಪೆಟ್ರೋಲಲ್ಲ, ವಿದ್ಯುತ್ತು.

ರೋಧದ ಬಗೆಯ ಸೆನ್ಸರಿನಲ್ಲೂ ಹೀಗೆಯೇ. ಅದು ಬಹಳ ಸಲ ತನ್ನ ಲೋಹದ ಮೈಯ ಮೂಲಕವೇ ಅರ್ಥ್ ಪಡೆಯುತ್ತದೆ. ತಿರುಪಿನ ಸುತ್ತುಗಳಿಗೆ ಟೆಫ್ಲಾನ್ ಟೇಪು ಸುತ್ತಿದರೆ, ಬುಡದಲ್ಲಿ ತುಕ್ಕು ಕೂತರೆ, ಆ ದಾರಿಗೆ ಕೆಲವು ಓಮ್ ರೋಧ ಸೇರುತ್ತದೆ. ಅಳತೆಯ ಕ್ರಮದಲ್ಲಿ ಹೆಚ್ಚು ರೋಧವೆಂದರೆ ಹೆಚ್ಚು ಒತ್ತಡ. ಮುಳ್ಳು ಮೇಲೇ ನಿಲ್ಲುತ್ತದೆ. ಕಡಿಮೆ ತೋರಿಸುವ ಸೆನ್ಸರಿನ ಬಗ್ಗೆ ಎಲ್ಲರೂ ದೂರುತ್ತಾರೆ, ಹೆಚ್ಚು ತೋರಿಸುವುದರ ಬಗ್ಗೆ ಯಾರೂ ದೂರುವುದಿಲ್ಲ. ಮೊದಲನೆಯದು ಸುಮ್ಮಸುಮ್ಮನೆ ಹೆದರಿಸಿ ವಿಮಾನವನ್ನು ಮನೆಗೆ ಕಳುಹಿಸುತ್ತದೆ. ಎರಡನೆಯದು ನಿಜವಾದ ಕೊರತೆಯನ್ನು ಮುಚ್ಚಿಟ್ಟು ಪಿರಿಯಾಪಟ್ಟಣದ ಆಚೆಗೂ ಹಾರಲು ಬಿಡುತ್ತದೆ. ತಪಾಸಣೆಯ ಶ್ರದ್ಧೆಯೆಲ್ಲ ಈ ಎರಡನೆಯದರ ಮೇಲೆ ಇರಬೇಕಾದದ್ದು.

ಅರ್ಥಿಂಗಿನ ಪರೀಕ್ಷೆಯನ್ನು ಎಂಜಿನ್ ಓಡುತ್ತ, ದೀಪ, ಪಂಪ್, ರೇಡಿಯೊ ಎಲ್ಲ ಹಾಕಿಕೊಂಡೇ ಮಾಡಬೇಕು. ಸೆನ್ಸರಿನ ಅರ್ಥ್ ಮತ್ತು ಮೀಟರಿನ ಅರ್ಥ್ ನಡುವೆ ಕೆಲವೇ ಮಿಲಿವೋಲ್ಟ್ ಇದ್ದರೆ ಸರಿ, ಹತ್ತಾರು ಇದ್ದರೆ ಆ ದಾರಿಯ ಪ್ರತಿ ಜೋಡಣೆಯನ್ನೂ ಬಿಚ್ಚಿ ಉಜ್ಜಬೇಕು. ಪ್ರೊಪೆಲ್ಲರ್ ತಿರುಗುತ್ತಿರುವಾಗ ಮೂತಿಯ ಬಳಿ ಕೈ ಹಾಕುವಂತಿಲ್ಲ. ಉದ್ದನೆಯ ತಂತಿ ಕಟ್ಟಿ ಕಾಕ್‌ಪಿಟ್ಟಿನೊಳಗಿಂದಲೇ ಓದಬೇಕು. ರೇಡಿಯೊದ ಗುಂಡಿ ಒತ್ತಿದಾಗಲೆಲ್ಲ ಮುಳ್ಳು ತಲೆಯಾಡಿಸಿದರೆ ಸೆನ್ಸರಿನ ತಂತಿಯ ಹೊದಿಕೆಯನ್ನು ಸರಿಯಾಗಿ ಅರ್ಥ್ ಮಾಡಿಲ್ಲ ಎಂದರ್ಥ. ಇಂಥ ವಿದ್ಯುತ್ ದೋಷಕ್ಕೆ ಒಂದು ಗುರುತಿದೆ: ಅಂಕಿ ಒಂದೇ ಜಿಗಿತಕ್ಕೆ ಬದಲಾಗುತ್ತದೆ, ಯಾವುದಾದರೂ ಸ್ವಿಚ್ಚಿನ ಜೊತೆಗೇ ಬದಲಾಗುತ್ತದೆ. ಫಿಲ್ಟರು ಕಟ್ಟಿಕೊಳ್ಳುವುದು, ಪಂಪ್ ಸೋಲುವುದು ಹಾಗಲ್ಲ. ಅವು ಥ್ರಾಟಲ್ ಹೆಚ್ಚಿದಂತೆ, ಇಂಧನ ಹೆಚ್ಚು ಬೇಕಾದಂತೆ ನಿಧಾನವಾಗಿ ಹೊರಬೀಳುತ್ತವೆ.

ಸೆನ್ಸರನ್ನೇ ಬಿಚ್ಚಿ ಪರೀಕ್ಷಿಸುವುದಾದರೆ, ಈ ಸಣ್ಣ ಒತ್ತಡಗಳಿಗೆ ನೀರಿಗಿಂತ ಪ್ರಾಮಾಣಿಕ ಅಳತೆಗೋಲಿಲ್ಲ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಗೋಡೆಗೆ ಕಟ್ಟಿ, ನೀರು ತುಂಬಿ, ಒಂದು ತುದಿಗೆ ಸೆನ್ಸರನ್ನೂ ಕೈಯಿಂದ ಒತ್ತುವ ರಬ್ಬರ್ ಬಲ್ಬನ್ನೂ ಸೇರಿಸಿದರೆ ಸಾಕು. ಸೆನ್ಸರಿಗೆ ತಾಗುವುದು ಗಾಳಿ ಮಾತ್ರ, ನೀರಲ್ಲ. ಎರಡು ಕೈಗಳ ನೀರಿನ ಮಟ್ಟಕ್ಕೆ 153 ಸೆಂಟಿಮೀಟರ್ ವ್ಯತ್ಯಾಸ ಬಂದಾಗ ಒತ್ತಡ ಸರಿಯಾಗಿ 0.15 ಬಾರ್, 912ರ ಕನಿಷ್ಠ. ಅಂದರೆ ಎಂಜಿನ್ನಿನ ಜೀವನ್ಮರಣದ ಗೆರೆ ಒಬ್ಬ ಮನುಷ್ಯನ ಹೆಗಲೆತ್ತರದ ನೀರು. ಅಲ್ಲಿ ಸೆನ್ಸರು 1.09 ವೋಲ್ಟ್ ಕೊಟ್ಟರೆ ಅದು ನಿರಪರಾಧಿ. ಒತ್ತಡ ಏರಿಸುತ್ತ ಒಮ್ಮೆ, ಇಳಿಸುತ್ತ ಇನ್ನೊಮ್ಮೆ ಓದಬೇಕು. ದಣಿದ ಪೊರೆ ಏರುವಾಗ ಒಂದು, ಇಳಿಯುವಾಗ ಇನ್ನೊಂದು ಹೇಳುತ್ತದೆ. ಪ್ರಮಾಣೀಕೃತ ವಿಮಾನದಲ್ಲಿ ಅಂತಿಮ ತೀರ್ಪು ತಪಾಸಣೆ ಪತ್ರವಿರುವ ಉಪಕರಣದ್ದೇ ಆದರೂ, ಯಾರ ಮಾತು ಸುಳ್ಳು ಎಂದು ತಿಳಿಯಲು ಈ ನೀರಿನ ಕಂಬ ಧಾರಾಳ ಸಾಕು.

ಸೆನ್ಸರು ನಿಜಕ್ಕೂ ಸತ್ತಿದ್ದರೆ, ಅದು ಏಕೆ ಸತ್ತಿತು ಎಂಬ ಪ್ರಶ್ನೆ ಉಳಿಯುತ್ತದೆ. ಹೆಚ್ಚಿನ ಸಲ ಉತ್ತರ ಅದನ್ನು ಕೂರಿಸಿದ ಜಾಗದಲ್ಲಿದೆ. ಎಂಜಿನ್ನಿಗೇ ನೇರ ತಿರುಪಿದ ಸೆನ್ಸರು ಅದರ ಅದುರಾಟವನ್ನೂ ಬಿಸಿಯನ್ನೂ ದಿನವಿಡೀ ತಿನ್ನುತ್ತದೆ, ಹಿತ್ತಾಳೆಯ ನಿಪ್ಪಲ್ ಬಿರುಕು ಬಿಟ್ಟರೆ ಬಿಸಿ ಸೈಲೆನ್ಸರಿನ ಮೇಲೆ ಪೆಟ್ರೋಲು ಚಿಮ್ಮುತ್ತದೆ. ಅದರ ಸರಿಯಾದ ಜಾಗ ಫೈರ್‌ವಾಲ್, ಎಂಜಿನ್ ಕೋಣೆಗೂ ಕಾಕ್‌ಪಿಟ್ಟಿಗೂ ನಡುವಿನ ಗೋಡೆ. ಅಲ್ಲಿಗೆ ಬೆಂಕಿ ತಡೆಯುವ ಹೊದಿಕೆಯ ಮೆದು ಹೋಸ್ ಬರಬೇಕು, ಹೋಸ್ ಶುರುವಾಗುವಲ್ಲಿ ಸಣ್ಣ ತೂತಿನ ಫಿಟ್ಟಿಂಗ್ ಇರಬೇಕು. ಈ ತೂತು ಎರಡು ಕೆಲಸ ಮಾಡುತ್ತದೆ. ಪಂಪಿನ ಬಡಿತಗಳನ್ನು ಸೆನ್ಸರಿಗೆ ತಾಗದಂತೆ ಮೆದುವಾಗಿಸುತ್ತದೆ, ಹೋಸ್ ಹರಿದರೂ ಪೆಟ್ರೋಲು ಹನಿಹನಿಯಾಗಿ ಮಾತ್ರ ಹೊರಬರುವಂತೆ ತಡೆಯುತ್ತದೆ. ಟೇಪಿನ ಚೂರೊಂದು ಅದಕ್ಕೆ ಸಿಕ್ಕಿಕೊಂಡರೆ ಮುಳ್ಳು ಸೋಮಾರಿಯಾಗುತ್ತದೆ, ಪಂಪ್ ಹಾಕಿದ ಎಷ್ಟೋ ಹೊತ್ತಿನ ಮೇಲೆ ಏರುತ್ತದೆ. ಆಗ ತೂತನ್ನು ಶುಚಿ ಮಾಡಬೇಕೇ ಹೊರತು ದೊಡ್ಡದು ಮಾಡಬಾರದು, ಫಿಟ್ಟಿಂಗನ್ನು ತೆಗೆದೆಸೆಯಲಂತೂ ಬಾರದು. ತಿರುಪಿನ ಸುತ್ತುಗಳಿಗೆ ಟೇಪಿನ ಬದಲು ಇಂಧನಕ್ಕೆ ಕರಗದ ಪೇಸ್ಟನ್ನು ಮೊದಲ ಸುತ್ತು ಬಿಟ್ಟು ಹಚ್ಚಿದರೆ ಈ ತೊಂದರೆಯೇ ಬರುವುದಿಲ್ಲ. ಹೋಸಿನ ತಗ್ಗು ಉಬ್ಬುಗಳೂ ಲೆಕ್ಕಕ್ಕೆ ಬರುತ್ತವೆ: ಪೆಟ್ರೋಲು ತುಂಬಿದ ಹೋಸಿನಲ್ಲಿ ಸೆನ್ಸರು ಒಂದು ಅಡಿ ಕೆಳಗಿದ್ದರೆ 0.3 ಪಿಎಸ್‌ಐ ಹೆಚ್ಚು ಓದುತ್ತದೆ.

ಹೊಸ ಸೆನ್ಸರು ಕೂರಿಸಿದ ಮೇಲೆ ಟೀ ಜಾಯಿಂಟಿನ ಗೇಜನ್ನು ಕೂಡಲೇ ಬಿಚ್ಚುವುದು ಬೇಡ. ಪಂಪ್ ಮಾತ್ರ ಹಾಕಿ ಸೋರಿಕೆ ನೋಡಿ, ನಿಧಾನಗತಿಯಿಂದ ಪೂರ್ತಿ ಥ್ರಾಟಲ್‌ವರೆಗೆ ಹಲವು ಹಂತಗಳಲ್ಲಿ ಎರಡೂ ಅಂಕಿಗಳನ್ನು ಬರೆದುಕೊಳ್ಳಬೇಕು. 914 ಆದರೆ ಅದರ ಪಕ್ಕದಲ್ಲಿ ಏರ್‌ಬಾಕ್ಸಿನ ಒತ್ತಡವನ್ನೂ ಬರೆಯಬೇಕು. ಆಮೇಲೆ ಎಂಜಿನ್ ನಿಲ್ಲಿಸಿ, ಕವಚ ಮುಚ್ಚಿ, ಬಿಸಿಲಿನಲ್ಲೇ ಕಾಯಿಸಿ, ಮತ್ತೆ ಓಡಿಸಿ ಅದೇ ಅಂಕಿಗಳು ಬರುತ್ತವೆಯೇ ನೋಡಬೇಕು, ಏಕೆಂದರೆ ಬಿಸಿಗೆ ಜಾರುವ ಸೆನ್ಸರು ತಣ್ಣಗಿದ್ದಾಗ ಸಾಧುವಾಗಿರುತ್ತದೆ. ಇದೆಲ್ಲ ಮುಗಿದ ಮೇಲೆ ಗೇಜು ಮತ್ತು ಟೀ ತೆಗೆದು, ಜೋಡಣೆಗಳನ್ನು ಬಿಗಿದು, ಸೋರಿಕೆಯನ್ನು ಇನ್ನೊಮ್ಮೆ ನೋಡಿ, ಪರವಾನಗಿ ಹೊಂದಿದ ನಿರ್ವಹಣಾ ಎಂಜಿನಿಯರ್ ಏನು ಕೆಟ್ಟಿತ್ತು, ಏನು ಬದಲಾಯಿತು, ಯಾವ ಅಂಕಿಗಳು ಬಂದವು ಎಂಬುದನ್ನೆಲ್ಲ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕುತ್ತಾರೆ. ಮೊದಲ ಹಾರಾಟ ರನ್‌ವೇಯ ಮೇಲೆಯೇ ಸುತ್ತುತ್ತ 7,000 ಅಡಿವರೆಗೆ ಏರಿ ಇಳಿಯುವುದು, ಎತ್ತರದ ಜೊತೆ ಮುಳ್ಳು ಇಳಿಯುತ್ತದೆಯೇ ಎಂದು ಪ್ರತಿ ಸಾವಿರ ಅಡಿಗೂ ಬರೆದುಕೊಳ್ಳುವುದು. ಹುಣಸೂರಿನ ಕಡೆ ಮುಖ ಮಾಡುವುದು ಅದಾದ ಮೇಲೆ.